ನಾಲ್ಕು ವರ್ಷದ ಹುಡುಗನ ಗುಳಿಗೆ

“ಕೊಟ್ಟೀನ್ರಿ,” ಎಂದಳು ಹಾಜಿರಾ. ಹಾಗೆ ಹೇಳಿದ್ದು ಅದು ಮೂರನೇ ಸಲ.

ಡಾಕ್ಟರ್ ವಿವೇಕಾನಂದ ಚೀಟಿಯಿಂದ ತಲೆ ಎತ್ತಲಿಲ್ಲ. ಕಮಲಾಪುರದ ಅಂಚಿನ ಆ ಎರಡು ಕೋಣೆಯ ಉಪಕೇಂದ್ರಕ್ಕೆ ಅವರು ವಾರಕ್ಕೆ ಎರಡೇ ದಿನ ಬರುವವರು. ಬಂದ ದಿನ ಓಣಿಯ ಕೆಮ್ಮು, ಭೇದಿ, ಮೊಣಕಾಲು ನೋವು ಎಲ್ಲ ಅವರ ಬಾಗಿಲಲ್ಲಿ ಪಾಳಿ ಹಚ್ಚಿರುತ್ತಿತ್ತು. ಅವರಿಗೂ ಪುರುಸೊತ್ತಿಲ್ಲ, ಪಾಪ. ಆದರೆ ತೊಡೆಯ ಮೇಲೆ ಮಗ ಕಾದ ಹಂಚಿನ ಹಾಗೆ ಸುಡುತ್ತಿರುವಾಗ ಡಾಕ್ಟರರ ಪುರುಸೊತ್ತಿನ ಚಿಂತೆ ಯಾವ ತಾಯಿಗೆ ಇರುತ್ತದೆ?

ಚೀಟಿಯಲ್ಲಿ ಇದ್ದದ್ದು ಇಷ್ಟು: ನೋಮಾನನ ರಕ್ತದಲ್ಲಿ ಮಲೇರಿಯಾ ಮತ್ತೆ ಕಂಡಿದೆ. ಮೂರು ದಿನದ ಗುಳಿಗೆ ಮುಗಿದು ಹನ್ನೊಂದೇ ದಿನಕ್ಕೆ.

“ನೋಡವಾ,” ಎಂದರು ವಿವೇಕಾನಂದ. “ಈ ಗುಳಿಗಿ ನಾ ಎಷ್ಟೋ ವರ್ಷದಿಂದ ಕೊಡಾಕತ್ತೀನಿ. ಸರಿಯಾಗಿ ನುಂಗಿಸಿದ್ರ ಜಡ್ಡು ಬುಡಸಮೇತ ಹೋಗ್ತದ. ಹೋಗಿಲ್ಲ ಅಂದ್ರ ಏನರ್ಥ? ನುಂಗಿಸಿಲ್ಲ. ಗುಳಿಗಿ ಕಹಿ, ಹುಡುಗ ಅಳ್ತಾನ, ತಾಯಿ ಕರಳು ಕರಗ್ತದ, ಗುಳಿಗಿ ಬಚ್ಚಲಿಗಿ ಹೋಗ್ತದ. ಇಂಥವರನ್ನ ಎಷ್ಟ ಮಂದಿ ನೋಡೀನಿ.”

“ಎಷ್ಟ ಮಂದಿನ್ನರ ನೋಡಿರ್ರಿ ಸಾಹೇಬ್ರ, ನನ್ನ ನೋಡಿಲ್ಲ,” ಎಂದಳು ಹಾಜಿರಾ.

ಪಾಳಿಯಲ್ಲಿದ್ದ ಯಾರೋ ಕಿಸಕ್ಕೆಂದು ನಕ್ಕರು. ಡಾಕ್ಟರರ ಪಕ್ಕದಲ್ಲಿ ನಿಂತಿದ್ದ ಆರೋಗ್ಯ ಸಹಾಯಕಿ ಪಂಚಶೀಲಾ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ರಿಜಿಸ್ಟರನ್ನೇ ನೋಡುತ್ತ ನಿಂತಳು. ಎರಡು ತಿಂಗಳ ಹಿಂದಷ್ಟೇ ಆಳಂದದ ಕಡೆಯಿಂದ ವರ್ಗವಾಗಿ ಬಂದವಳು ಅವಳು. ಊರಿನ ಮನೆಗಳ ಗುರುತು ಇನ್ನೂ ಪೂರ್ತಿ ಆಗಿರಲಿಲ್ಲ.

ಗುಳಿಗೆ ಕೊಟ್ಟಿಲ್ಲವಂತೆ! ಹಾಜಿರಾಳಿಗೆ ಸಿಟ್ಟು ನೆತ್ತಿಗೇರಿತು. ಆ ಮೂರು ದಿನ ಅವಳು ಹೊಲಿಗೆ ಯಂತ್ರದ ಮುಚ್ಚಳ ತೆಗೆದವಳಲ್ಲ. ಕಲಬುರ್ಗಿಯ ಮೊಮಿನಪುರದ ಸೇಠರ ಮೂವತ್ತು ಪೆಟಿಕೋಟು ಹಾಗೇ ಬಿದ್ದಿದ್ದವು. ಮೊದಲ ದಿನ ಪಂಚಶೀಲಾ ಮನೆಗೇ ಬಂದು, ನೋಮಾನನ ಬೆರಳು ಚುಚ್ಚಿ ರಕ್ತ ನೋಡಿ, ಇದು ಮಿದುಳಿಗೆ ಏರುವ ಜಾತಿಯ ಮಲೇರಿಯಾ, ಹುಷಾರಾಗಿರಬೇಕು ಎಂದು ಹೇಳಿ, ಹಳದಿ ಪಾಕೀಟು ಕೊಟ್ಟಿದ್ದಳು. ಹುಡುಗ ಎರಡು ಕೌದಿಯ ಕೆಳಗೆ ಗಡಗಡ ನಡುಗುತ್ತ ಮಲಗಿದ್ದ. ಮೂಗಿನ ತುದಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹೆಸರೇನು, ವಯಸ್ಸೆಷ್ಟು ಎಂದು ಪಂಚಶೀಲಾ ಕೇಳಿದ್ದಳು. ನೋಮಾನ್, ನಾಲ್ಕು ಎಂದು ಹಾಜಿರಾ ಹೇಳಿದ್ದಳು. ಮೊದಲ ಗುಳಿಗೆಗಳನ್ನು ಪಂಚಶೀಲಾ ತನ್ನೆದುರೇ ನುಂಗಿಸಿ ಹೋಗಿದ್ದಳು.

ಎರಡನೇ ದಿನ ನಡೆದದ್ದನ್ನು ಕೇಳಿ. ಹಾಜಿರಾ ಗುಳಿಗೆಯನ್ನು ಪುಡಿ ಮಾಡಿ ಕೆಂಪು ಬಾಳೆಹಣ್ಣಿನಲ್ಲಿ ಕಿವುಚಿ ತಿನ್ನಿಸಿದಳು. ಐದು ನಿಮಿಷಕ್ಕೆ ಹುಡುಗ ಎಲ್ಲವನ್ನೂ ಕಕ್ಕಿಬಿಟ್ಟ. “ಹೋಗ್ಲಿ ಬಿಡು, ಹೊಟ್ಟ್ಯಾಗ ಒಂದೀಟು ಉಳದಿರ್ತದ,” ಎಂದಳು ಅತ್ತೆ ಅಕ್ಬರಿ ಬೇಗಂ. ಹಾಜಿರಾ ಕೇಳಲಿಲ್ಲ. ಬರಿಗಾಲಲ್ಲಿ ಓಣಿಯ ಆ ತುದಿಗೆ ಓಡಿ, ಪಂಚಶೀಲಾಳ ಬಾಗಿಲು ಬಡಿದು, ಇನ್ನೊಂದು ಗುಳಿಗೆ ಇಸಿದುಕೊಂಡು ಬಂದು ನುಂಗಿಸಿದಳು. ಆಮೇಲೆ ಅರ್ಧ ಗಂಟೆ ಮಗನ ಬಾಯಿಯನ್ನೇ ನೋಡುತ್ತ ಕೂತಳು. ಮೂರನೇ ದಿನವೂ ಹಾಗೇ. ಮೂರನೇ ಸಂಜೆಗೆ ಜ್ವರ ಬಿಟ್ಟಿತು. ಹುಡುಗ ಎದ್ದು ರೊಟ್ಟಿ ಕೇಳಿದ. ಅಕ್ಬರಿ ಬೇಗಂ ದರ್ಗಾದಲ್ಲಿ ಸಕ್ಕರೆ ಹಂಚಿದಳು. ಹನ್ನೊಂದು ದಿನ ಎಲ್ಲ ಸರಿಯಿತ್ತು. ಆಮೇಲೆ ಒಂದು ಮಧ್ಯಾಹ್ನ ಬಿಸಿಲಲ್ಲಿ ನಿಂತ ಹುಡುಗನ ಹಲ್ಲು ಕಟಕಟ ಎನ್ನತೊಡಗಿದವು.

“ಮಗಾ ವಾಂತಿ ಮಾಡ್ಕೊಂಡಾಗ ಮತ್ತೊಂದು ಗುಳಿಗಿ ತಂದು ಕೊಟ್ಟೀನಿ. ಬೇಕಾದ್ರ ಇವ್ರನ್ನ ಕೇಳ್ರಿ,” ಎಂದು ಹಾಜಿರಾ ಪಂಚಶೀಲಾಳತ್ತ ಕೈ ತೋರಿಸಿದಳು.

ಪಂಚಶೀಲಾ ಬಾಯಿ ತೆರೆದಳು, ಡಾಕ್ಟರರ ಮುಖ ನೋಡಿದಳು, ಮುಚ್ಚಿಕೊಂಡಳು. ಆ ಗುಳಿಗೆಯನ್ನು ಅವಳು ಇನ್ನಾರದೋ ಪಾಕೀಟು ಒಡೆದು ಕೊಟ್ಟಿದ್ದಳು. ರಿಜಿಸ್ಟರಿನಲ್ಲಿ ಬರೆದಿರಲಿಲ್ಲ.

“ಸಾಹೇಬ್ರ, ಗುಳಿಗಿ ನಾ ಕೊಟ್ಟೀನಿ ಅಂದ್ರ ನೀವು ಬ್ಯಾರೆ ಔಷಧ ಹುಡುಕ್ತೀರಿ. ಕೊಟ್ಟಿಲ್ಲ ಅಂದ್ರ ಅದನ್ನ ಮತ್ತ ಕೊಡ್ತೀರಿ. ಹೌದಿಲ್ರಿ?” ಎಂದಳು ಹಾಜಿರಾ. “ಒಮ್ಮೆ ಸೋತಿದ್ದು ಮತ್ತೊಮ್ಮೆ ಸೋತ್ರ ನನ್ನ ಹುಡುಗನ ಗತಿ ಏನು? ಮಿದುಳಿಗಿ ಏರ್ತದಂತ ಇವ್ರ ಹೇಳ್ಯಾರ.”

“ನನಗ ಡಾಕ್ಟರಕಿ ಕಲಸಬ್ಯಾಡ,” ಎಂದ ವಿವೇಕಾನಂದ ಒಂದು ಚೀಟಿ ಗೀಚಿ ಪಂಚಶೀಲಾಳ ಕೈಗೆ ಕೊಟ್ಟರು. “ಕಲಬುರ್ಗಿ ದೊಡ್ಡ ದವಾಖಾನಿಗಿ ಕರಕೊಂಡು ಹೋಗಿ ದಾಖಲ್ ಮಾಡಸು. ಬೇಕಾದ್ದೆಲ್ಲ ಬರದೀನಿ. ಮುಂದಿನವ್ರು ಬರ್ರಿ.”

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಹಾಜಿರಾ ಆ ಚೀಟಿ ಓದಿಸಿದಳು. ಇಂಗ್ಲಿಷಿನಲ್ಲಿತ್ತು. ಪಂಚಶೀಲಾ ಬೇಡಬೇಡವೆನ್ನುತ್ತಲೇ ಓದಿ ಹೇಳಿದಳು. “ಗಂಡು, ವಯಸ್ಸು ನಾಲ್ಕು. ತಾಯಿ ಗುಳಿಗೆ ಪೂರ್ತಿ ಕೊಟ್ಟಿಲ್ಲ. ಅದೇ ಹಳದಿ ಪಾಕೀಟನ್ನು ದವಾಖಾನೆಯಲ್ಲಿ ಇಟ್ಟುಕೊಂಡು ಎದುರಿಗೇ ನುಂಗಿಸುವುದು.”

“ನಾ ಕೊಟ್ಟಿದ್ದು ನಿಮಗ ಗೊತ್ತಿಲ್ಲೇನು?”

“ಗೊತ್ತದ ಭಾಬಿ.”

“ಗೊತ್ತಿದ್ರ ಅಲ್ಲಿ ಬಾಯಾಗ ಏನ್ ಇಟ್ಕೊಂಡಿದ್ರಿ?”

ಪಂಚಶೀಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಹಾಜಿರಾ ಅವಳಿಗೆ ಬೆನ್ನು ತಿರುಗಿಸಿ, ಮಗನನ್ನು ಭುಜಕ್ಕೆ ಹಾಕಿಕೊಂಡು, ಬಂದ ಬಸ್ಸನ್ನು ಹತ್ತಿದಳು. ಬೆನ್ನು ತಿರುಗಿಸಿದರೇನು, ಬಸ್ಸಿನಲ್ಲಿ ಖಾಲಿ ಇದ್ದದ್ದು ಒಂದೇ ಸೀಟು. ಇಬ್ಬರೂ ಒತ್ತಿಕೊಂಡೇ ಕೂರಬೇಕಾಯಿತು.

ಕಂಡಕ್ಟರ್ ದೌಲಪ್ಪ ಟಿಕೀಟಿನ ಯಂತ್ರ ಒತ್ತುತ್ತ ಬಂದ. ಹಾಜಿರಾ ವಾರಕ್ಕೆ ಎರಡು ಸಲ ಹೊಲಿದ ಬಟ್ಟೆಯ ಗಂಟು ಹೊತ್ತು ಮೊಮಿನಪುರಕ್ಕೆ ಹೋಗುವವಳು. ದೌಲಪ್ಪನಿಗೆ ಅವಳ ಗುರುತೂ ಇತ್ತು, ಅವಳ ಬಾಯಿಯ ಗುರುತೂ ಇತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ. ಇಬ್ಬರ ಆಧಾರ್ ಕಾರ್ಡು ನೋಡಿ ಸೊನ್ನೆಯ ಟಿಕೀಟು ಹರಿದುಕೊಟ್ಟ. ಆಮೇಲೆ ಎಂದಿನ ಹಾಗೆ ಕೇಳಿದ.

“ಹುಡುಗಗ ಎಷ್ಟ್ರಿ ಅಕ್ಕೋರ?”

“ನಾಕು,” ಎಂದಳು ಹಾಜಿರಾ.

“ನಾಕು,” ಎಂದ ನೋಮಾನ್, ಜ್ವರದಲ್ಲಿ ಕಣ್ಣು ಮುಚ್ಚಿಕೊಂಡೇ.

ದೌಲಪ್ಪ ಗಹಗಹಿಸಿ ನಕ್ಕ. “ನಾ ಈ ರೂಟಿಗಿ ಬಂದು ಎರಡು ವರ್ಷಾತು ನೋಡ್ರಿ. ಬಂದ ದಿನಾನೂ ನಾಕು, ಇವತ್ತೂ ನಾಕು! ನಮ್ಮ ಮನ್ಯಾಗಿನ ಹುಡುಗ್ರು ವರ್ಷಾ ವರ್ಷಾ ದೊಡ್ಡವರಾಗ್ತಾರ. ನಿಮ್ಮವಗ ಏನ್ ತಿನಸ್ತೀರಿ, ನಮಗೂ ಒಂಚೂರು ಹೇಳ್ರಿ!”

ಹಿಂದಿನ ಸೀಟಿನವರೆಲ್ಲ ನಕ್ಕರು. ದೌಲಪ್ಪ ಹುಡುಗನ ಹಣೆ ಮುಟ್ಟಿ ನೋಡಿ, “ಅಯ್ಯ, ಮೈ ಸುಡ್ತದಲ್ರೀ. ಹೋಗ್ಲಿ ಬಿಡ್ರಿ,” ಎಂದು ಮುಂದಿನ ಸೀಟಿಗೆ ಹೋದ.

ಬೇರೆ ದಿನವಾಗಿದ್ದರೆ ಹಾಜಿರಾ ಅವನ ನೀರಿಳಿಸಿ ಕಳಿಸುತ್ತಿದ್ದಳು. ಇವತ್ತು ಬಾಯಿ ತೆರೆದವಳು ಮಗನ ಮುಖ ನೋಡಿದಳು. ನಾಲ್ಕು!

ನೋಮಾನನಿಗೆ ನಿಜವಾಗಿ ನಾಲ್ಕು ಇದ್ದಾಗ ಅಕ್ಬರಿ ಬೇಗಂ ಕಲಿಸಿದ್ದ ಉತ್ತರ ಅದು. ಆರು ದಾಟಿದ ಗಂಡು ಹುಡುಗರಿಗೆ ಅರ್ಧ ಟಿಕೀಟು. ಅದಕ್ಕೇ, ಮುಂದೆ ಬಾಯಿ ತಪ್ಪಬಾರದೆಂದು, ಐದಾದ ಮೇಲೂ ನಾಲ್ಕು, ಆರಾದ ಮೇಲೂ ನಾಲ್ಕು. ಹಾಗೆ ಹೇಳಿದಾಗಲೆಲ್ಲ ಹುಡುಗನಿಗೆ ಪೆಪ್ಪರಮೆಂಟು ಸಿಗುತ್ತಿತ್ತು. ಎರಡು ವರ್ಷದಲ್ಲಿ ಅದು ಹಾಜಿರಾಳ ಬಾಯಿಗೆ ಎಷ್ಟು ರೂಢಿಯಾಗಿತ್ತೆಂದರೆ, ಕೈಯಲ್ಲಿ ಪುಸ್ತಕ ಹಿಡಿದ ಯಾವ ಸರ್ಕಾರಿ ಮನುಷ್ಯ ಕೇಳಿದರೂ ನಾಲಗೆ ತಾನೇ ನಾಲ್ಕು ಎನ್ನುತ್ತಿತ್ತು. ಮೊನ್ನೆ ಕೌದಿಯ ಪಕ್ಕದಲ್ಲಿ ಕೂತು ಪಂಚಶೀಲಾ ಕೇಳಿದಾಗಲೂ ಅದೇ ಆಗಿತ್ತು. ಸುಳ್ಳು ಹೇಳುತ್ತಿದ್ದೇನೆ ಎಂಬ ಎಚ್ಚರ ಕೂಡ ಅವಳಿಗೆ ಇರಲಿಲ್ಲ.

“ಭಾಬಿ,” ಎಂದಳು ಪಂಚಶೀಲಾ ಸಣ್ಣ ದನಿಯಲ್ಲಿ. “ಅವ ಏನಂದ? ಖರೇ ಎಷ್ಟು ಹುಡುಗಗ?”

“ಆರು. ಆರು ತುಂಬಿ ಮೂರು ತಿಂಗಳಾತು.”

ಪಂಚಶೀಲಾ ಕೈಯಲ್ಲಿದ್ದ ಚೀಟಿಯನ್ನು ಮತ್ತೆ ಬಿಡಿಸಿ ನೋಡಿದಳು. “ಹಳದಿ ಪಾಕೀಟು ನಾಕು ವರ್ಷದ ತನಕದ ಕೂಸುಗಳಿಗಿ. ಐದರಿಂದ ಮ್ಯಾಲ ಹಸಿರು ಪಾಕೀಟು. ಹಳದಿದಾಗ ಹೆಚ್ಚುಕಡಿಮಿ ಅರ್ಧ ಔಷಧ ಇರ್ತದ.”

ಬಸ್ಸು ಮಹಾಗಾಂವದಲ್ಲಿ ನಿಂತು, ಜನ ಇಳಿದು, ಜನ ಹತ್ತಿ, ಮತ್ತೆ ಹೊರಟಿತು. ಹಾಜಿರಾ ಮಗನನ್ನು ಅವುಚಿಕೊಂಡು ಕೂತೇ ಇದ್ದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು ಅವಳಿಗೆ. ಊರೆಲ್ಲ ಕೇಳುವ ಹಾಗೆ ಕೊಟ್ಟೀನಿ, ಕೊಟ್ಟೀನಿ ಎಂದು ಕೂಗಿದ್ದಳಲ್ಲ. ಕೊಟ್ಟದ್ದು ನಿಜವೇ. ಮೂರೂ ದಿನ, ಒಂದು ಚೂರೂ ಬಿಡದೆ, ಅರ್ಧ ಔಷಧವನ್ನು ಪೂರ್ತಿ ಶ್ರದ್ಧೆಯಿಂದ ಕೊಟ್ಟಿದ್ದಳು. ಕಣ್ಣೀರು ತಾನಾಗಿ ಇಳಿಯತೊಡಗಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಪಂಚಶೀಲಾ ಹತ್ತಿರ ಸರಿದಳು. “ಅಳಬ್ಯಾಡ್ರಿ. ಹಿಂಗ್ ಮಾಡೂಣು. ಅಲ್ಲಿ ಹೋಗಿ ವಯಸ್ಸು ಆರು ಅಂತ ಸರಿ ಹೇಳೂಣು. ಚೀಟ್ಯಾಗ ಬರಿವಾಗ ತಪ್ಪಾಗ್ಯಾದ ಅಂತೀನಿ. ಗುಳಿಗಿ ಒಂದೆರಡು ತಪ್ಪಿದ್ವು ಅಂತ ನೀವೂ ಒಪ್ಕೊಂಡುಬಿಡ್ರಿ. ಹುಡುಗಗ ಹಸಿರು ಪಾಕೀಟು ಸಿಗ್ತದ. ಯಾರಿಗೂ ತ್ರಾಸಿಲ್ಲ.”

ಅದೂ ಒಂದು ದಾರಿಯೇ. ಅರ್ಧ ಮೈಲಿ ಹಾಜಿರಾ ಆ ದಾರಿಯನ್ನೇ ಯೋಚಿಸಿದಳು. ಅವಳ ಸುಳ್ಳು ಮುಚ್ಚಿಹೋಗುತ್ತದೆ, ಪಂಚಶೀಲಾಳ ನೌಕರಿ ಉಳಿಯುತ್ತದೆ. ಆದರೆ ಅರ್ಧ ಔಷಧ ತಿಂದು ಗಟ್ಟಿಯಾಗಿ ಕೂತ ಜಡ್ಡಿಗೆ ಮತ್ತೆ ಅದೇ ಔಷಧ ಸಾಕೋ ಇಲ್ಲವೋ, ಪಂಚಶೀಲಾಳಿಗೇನು ಗೊತ್ತು? ತನಗೇನು ಗೊತ್ತು? ಗೊತ್ತಿರುವವರಿಗೆ ನಡೆದದ್ದನ್ನು ನಡೆದ ಹಾಗೆ ಹೇಳದಿದ್ದರೆ ಅವರಾದರೂ ಏನು ಮಾಡಿಯಾರು?

“ಒಂದು ಸುಳ್ಳಿಗಿ ಇಷ್ಟಾಗ್ಯಾದ,” ಎಂದಳು ಹಾಜಿರಾ, ಮೂಗು ಸೊರ್ರನೆ ಎಳೆದುಕೊಂಡು. “ಎರಡನೇದು ನನ್ನ ಬಾಯಿಂದ ಬರಂಗಿಲ್ಲ.”

“ಭಾಬಿ, ನನ್ನ ನೌಕ್ರಿ...”

“ನನ್ನ ಮಗಾ,” ಎಂದಳು ಹಾಜಿರಾ.

ಕಪನೂರ ದಾಟುವಾಗ ಅವಳು ಗಂಡ ಮೈಬೂಬನಿಗೆ ಫೋನ್ ಹಚ್ಚಿದಳು. ಅವನು ಅಲ್ಲಿಯ ಬೇಳೆ ಮಿಲ್ಲಿನಲ್ಲಿ ಹಗಲು ಪಾಳಿಯಲ್ಲಿದ್ದ. ದೊಡ್ಡ ದವಾಖಾನೆಗೆ ಬಾ ಎಂದಷ್ಟೇ ಹೇಳಿ ಇಟ್ಟಳು.

ದವಾಖಾನೆಯ ಮಕ್ಕಳ ವಾರ್ಡಿನಲ್ಲಿ ಒಂದೊಂದು ಮಂಚಕ್ಕೆ ಒಂದು ಕೂಸು, ಪ್ರತಿ ಕೂಸಿಗೂ ಇಬ್ಬರು ಮೂವರು ನೆಂಟರು. ಹರೆಯದ ಡಾಕ್ಟರ್ ಸೃಷ್ಟಿ ವಿವೇಕಾನಂದರ ಚೀಟಿಯನ್ನು ನಿಂತಲ್ಲೇ ಓದಿದಳು. ನೋಮಾನನ ಕಣ್ಣುರೆಪ್ಪೆ ಬಿಡಿಸಿ ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ಹೆಸರು ಹೇಳು ಎಂದು ಮಾತಾಡಿಸಿದಳು. ಹುಡುಗನಿಗೆ ಇನ್ನೂ ಪ್ರಜ್ಞೆ ಚೆನ್ನಾಗಿದೆ, ನುಂಗಬಲ್ಲ, ಸೂಜಿ ಬೇಡ ಎಂದು ನರ್ಸಿಗೆ ಹೇಳಿದಳು. ಆಮೇಲೆ ತಾಯಿಯತ್ತ ನೋಡಿದ ನೋಟದಲ್ಲಿ ಚೀಟಿಯಲ್ಲಿದ್ದದ್ದೆಲ್ಲ ಇತ್ತು.

“ಮರಿಯಮ್ ಸಿಸ್ಟರ್, ಹಳದಿ ಪಾಕೀಟು ತರ್ರಿ. ತಾಯಿ ಕೈಗಿ ಕೊಡಬ್ಯಾಡ್ರಿ. ನೀವ ನುಂಗಸ್ರಿ.”

ಮರಿಯಮ್ ಪಾಕೀಟು ತಂದಳು. ಹಾಳೆ ಚರ್ ಎಂದು ಹರಿಯಿತು.

“ನಿಲ್ಲಸ್ರಿ!” ಎಂದಳು ಹಾಜಿರಾ.

ಇಡೀ ವಾರ್ಡು ತಿರುಗಿ ನೋಡಿತು. ನೋಡಲಿ ಎಂದುಕೊಂಡಳು ಅವಳು. ಪಂಚಶೀಲಾ ಹಿಂದಿನಿಂದ ಬುರ್ಖಾದ ತೋಳು ಜಗ್ಗಿದಳು. ಹಾಜಿರಾ ಕೊಡವಿಕೊಂಡಳು.

“ನನ್ನ ಹುಡುಗಗ ನಾಕು ಅಲ್ರಿ, ಆರು. ನಾನ ಸುಳ್ಳ ಹೇಳೀನಿ. ಬಸ್ಸಿನ್ಯಾಗ ಅರ್ಧ ಟಿಕೀಟು ಉಳಸಾಕ ಹೇಳಿ ಹೇಳಿ ರೂಢಿ ಬಿದ್ದದ, ಗುಳಿಗಿ ಕೊಡಾಕ ಬಂದವ್ರಿಗೂ ಅದನ್ನ ಹೇಳೀನಿ. ಆದ್ರ ಗುಳಿಗಿ ಎಲ್ಲಾ ನುಂಗಸೀನಿ. ಒಂದೂ ಬಿಟ್ಟಿಲ್ಲ. ವಾಂತಿ ಮಾಡ್ಕೊಂಡಾಗ ಮತ್ತೊಂದು ತಂದು ನುಂಗಸೀನಿ. ಇದ ಪಾಕೀಟು, ಇದ ಬಣ್ಣ. ಇದು ಸೋತದ. ಇದನ್ನ ಮತ್ತ ಕೊಡಬ್ಯಾಡ್ರಿ.”

ಸೃಷ್ಟಿಗೆ ಸಿಟ್ಟು ಬಂತು. ಬರದೇ ಇರುತ್ತದೆಯೇ? “ಏನವಾ, ಕೂಸಿನ ಜೀವದ ವಿಷಯದಾಗ ಇಷ್ಟು ದೊಡ್ಡ ಸುಳ್ಳ ಹೇಳಿ, ಈಗ ಇಲ್ಲಿ ಬಂದು ನನ್ನ ಮ್ಯಾಲ ಜೋರು ಮಾಡಾಕತ್ತೀಯೇನು?”

“ಹೌದ್ರಿ, ಮಾಡಾಕತ್ತೀನಿ! ನಾ ಸುಳ್ಳ ಹೇಳೀನಿ, ಬೇಕಾದ್ರ ಹೊಡೀರಿ. ಆದ್ರ ತೂಕದ ಯಂತ್ರ ಸುಳ್ಳ ಹೇಳ್ತಿತ್ತೇನ್ರಿ? ಹದಿನಾಲ್ಕು ದಿನಾತು. ಊರ ಸಿಸ್ಟರ್ ಮನಿಗಿ ಬಂದ್ರು, ಸಾಹೇಬ್ರು ನೋಡಿದ್ರು, ಈಗ ನೀವು ನೋಡೀರಿ. ಒಬ್ರರೆ ನನ್ನ ಹುಡುಗನ್ನ ಎತ್ತಿ ಅದರ ಮ್ಯಾಲ ನಿಲ್ಲಸೀರೇನು? ಕಾಯಿಪಲ್ಯೆದವನೂ ತೂಗದ ಕೊಡಂಗಿಲ್ರಿ!”

ಪಕ್ಕದ ಮಂಚದ ಮುದುಕಿಯೊಬ್ಬಳು, “ಬರೋಬರಿ ಅದ,” ಎಂದಳು. ಸೃಷ್ಟಿಯ ಕಿವಿ ಕೆಂಪಾಯಿತು. ಅವಳು ಕೈಯಲ್ಲಿದ್ದ ಚೀಟಿಯನ್ನು ಇನ್ನೊಮ್ಮೆ ನೋಡಿದಳು. ವಯಸ್ಸು ಇತ್ತು. ತೂಕದ ಜಾಗ ಖಾಲಿ ಇತ್ತು. ಅವಳೂ ಅದನ್ನು ಕೇಳಿರಲಿಲ್ಲ.

“ಸಿಸ್ಟರ್, ಅದನ್ನ ಬಾಜೂಕಿಡ್ರಿ,” ಎಂದಳು. ತಾನೇ ಬಗ್ಗಿ ನೋಮಾನನನ್ನು ಎತ್ತಿಕೊಂಡು ಹೋಗಿ ಯಂತ್ರದ ಮೇಲೆ ನಿಲ್ಲಿಸಿದಳು. ಹುಡುಗ ತೂಗಾಡುತ್ತ ನಿಂತ. ಹತ್ತೊಂಬತ್ತು ಕಿಲೋ ಎಂಟುನೂರು ಗ್ರಾಂ.

“ವಾಂತಿ ಆದಾಗ ಮತ್ತೊಂದು ಗುಳಿಗಿ ಕೊಟ್ಟಿದ್ದು ಖರೇನಾ?” ಎಂದು ಪಂಚಶೀಲಾಳನ್ನು ಕೇಳಿದಳು.

ಪಂಚಶೀಲಾ ಈ ಸಲ ಯಾರ ಮುಖವನ್ನೂ ನೋಡಲಿಲ್ಲ. “ಖರೇ ಮೇಡಂ. ನಾನ ಕೊಟ್ಟೀನಿ. ಈಕಿ ಬರಿಗಾಲಲೇ ಓಡಿ ಬಂದಿದ್ಳು.”

ಸೃಷ್ಟಿ ಮಂಚದ ಅಂಚಿಗೆ ಕೂತಳು. ದನಿ ಇಳಿದಿತ್ತು. “ನೋಡ್ರಿ, ಗುಳಿಗಿ ಕೆಟ್ಟದ್ದಲ್ಲ. ಈ ತೂಕದ ಹುಡುಗಗ ಅದು ಸಾಲಲಿಲ್ಲ, ಅಷ್ಟ. ಸಣ್ಣ ಹುಡುಗ್ರಿಗಿ ಒಂದೆರಡು ಕಿಲೋ ಹೆಚ್ಚುಕಡಿಮಿ ಅಂದ್ರೂ ಬಹಳ ಫರಕ್ ಆಗ್ತದ. ರಕ್ತದಾಗಿನ ಹುಳ ಮುಕ್ಕಾಲುಪಾಲು ಸತ್ವು, ಅದಕ್ಕ ಜ್ವರ ಬಿಟ್ಟಿತು. ಉಳದವು ಮತ್ತ ಬೆಳದ್ವು. ಈಗ ನೀವು ಪೂರ್ತಿ ಕೊಟ್ಟೀರಿ ಅಂತ ಗೊತ್ತಾದ ಮ್ಯಾಲ ಅದನ್ನ ಮತ್ತ ಕೊಡಂಗಿಲ್ಲ. ಬ್ಯಾರೆ ಗುಳಿಗಿ ಅವ. ಇವನ ತೂಕಕ್ಕ ಎಷ್ಟು ಬೇಕೋ ಅಷ್ಟು, ಹಾಲಿನ ಜೋಡಿ.”

“ಇದು ಗೆಲ್ತದೇನ್ರಿ?”

“ಗೆಲ್ತದ ಅಂತ ನನಗ ಭರೋಸೆ ಅದ. ಆದ್ರ ರಕ್ತ ನೋಡಿನ ಹೇಳ್ತೀನಿ, ಸುಮ್ನ ಹೇಳಂಗಿಲ್ಲ.”

ಆ ಮಾತು ಹಾಜಿರಾಳಿಗೆ ಹಿಡಿಸಿತು. ಮೂರು ದಿನ, ದಿನಕ್ಕೆ ಎರಡು ಸಲ, ಮರಿಯಮ್ ಗುಳಿಗೆ ತಂದಳು, ಹಾಜಿರಾ ಹಾಲು ಹಿಡಿದಳು. ಮೈಬೂಬ ಮಿಲ್ಲಿನಿಂದ ಮೈತುಂಬ ತೊಗರಿಯ ಧೂಳು ಹೊತ್ತು ಬಂದು, ವಿಷಯ ಕೇಳಿ, ಹೆಂಡತಿಯನ್ನು ಬೈಯಲೋ ಅಮ್ಮನನ್ನು ಬೈಯಲೋ ತಿಳಿಯದೆ ಹೊರಗೆ ಹೋಗಿ ಚಹಾ ಕುಡಿದು ಬಂದ. ಎರಡನೇ ದಿನ ಜ್ವರ ಇಳಿಯಿತು. ನಾಲ್ಕನೇ ದಿನ ಬೆಳಿಗ್ಗೆ ತೆಗೆದ ರಕ್ತದಲ್ಲಿ ಒಂದು ಹುಳವೂ ಕಾಣಲಿಲ್ಲ. ಹದಿನಾಲ್ಕನೇ ದಿನ, ಇಪ್ಪತ್ತೆಂಟನೇ ದಿನ ಮತ್ತೆ ರಕ್ತ ತೋರಿಸಬೇಕು, ಆಮೇಲೆಯೇ ಪೂರ್ತಿ ಗೆದ್ದ ಹಾಗೆ ಎಂದಳು ಸೃಷ್ಟಿ. ನೋಮಾನ್ ಮಂಚದ ಮೇಲೆ ಕುಣಿಯುತ್ತ ಪಕ್ಕದ ಮುದುಕಿಯ ಊಟದ ಡಬ್ಬಿಗೆ ಕೈ ಹಾಕುತ್ತಿದ್ದ.

ಮನೆಗೆ ಹೋಗಬಹುದು, ಇಲ್ಲಿ ಸಹಿ ಮಾಡಿ ಎಂದು ಮರಿಯಮ್ ಒಂದು ಹಾಳೆ ತಂದಳು. ಕರೆದೊಯ್ಯಲು ಪಂಚಶೀಲಾ ಕಮಲಾಪುರದಿಂದ ಬಂದಿದ್ದಳು. ಮೈಬೂಬ ಚೀಲ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ.

“ಏನ್ ಬರದದ ಇದರಾಗ?” ಎಂದಳು ಹಾಜಿರಾ.

ಮರಿಯಮ್ ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳಿದಳು. ಹೆಸರು, ವಯಸ್ಸು ಆರು, ತೂಕ, ಔಷಧ ಎಲ್ಲ ಸರಿಯಿತ್ತು. ಹಿಂದಿನ ಚಿಕಿತ್ಸೆ ಎನ್ನುವಲ್ಲಿ ಮಾತ್ರ ವಿವೇಕಾನಂದರ ಚೀಟಿಯನ್ನು ಯಾರೋ ಹಾಗೇ ಇಳಿಸಿದ್ದರು: ತಾಯಿ ಗುಳಿಗೆ ಪೂರ್ತಿ ಕೊಟ್ಟಿಲ್ಲ.

ಹಾಜಿರಾ ಹಾಳೆಯನ್ನು ಮಂಚದ ಮೇಲಿಟ್ಟಳು. “ಸಹಿ ಮಾಡಂಗಿಲ್ಲ.”

“ಅರೆ, ಹುಡುಗ ಆರಾಮ್ ಆಗ್ಯಾನಲ್ಲ. ಒಂದು ಸಹಿ ಮಾಡಿ ನಡೀ. ಬಸ್ ಹೋಗ್ತದ,” ಎಂದ ಮೈಬೂಬ.

“ಹೋಗ್ಲಿ. ಇನ್ನೊಂದು ಬರ್ತದ.”

ಸೃಷ್ಟಿ ಬಂದಳು. ಹಾಳೆ ನೋಡಿ ನಿಟ್ಟುಸಿರು ಬಿಟ್ಟಳು. “ಇದು ತಪ್ಪಾಗ್ಯಾದ, ಖರೆ. ಆದ್ರ ಇದೊಂದು ಕಾಗದ. ಫೈಲಿನ್ಯಾಗ ಹೋಗಿ ಕೂಡ್ತದ. ನಿಮಗ ಯಾಕ ಇಷ್ಟು ಹಟ?”

“ನಾಳಿ ಇನ್ನೊಬ್ಬಾಕಿ ಕೂಸಿಗೂ ಹಿಂಗ ಮರಳಿ ಜ್ವರ ಬರ್ತಾವ. ಆವಾಗ ಈ ಕಾಗದ ತಗದು, ನೋಡ್ರಿ, ತಾಯಂದ್ರು ಗುಳಿಗಿ ಕೊಡಂಗಿಲ್ಲ ಅಂತೀರಿ. ಆಕಿ ಕೂಸಿನ್ನೂ ತೂಗಂಗಿಲ್ಲ. ಆಕಿಗಿ ನನ್ನಂಗ ಬಾಯಿ ಇಲ್ಲಂದ್ರ?”

ಸೃಷ್ಟಿ ಸ್ಟೂಲು ಎಳೆದುಕೊಂಡು ಕೂತು, ಆ ಸಾಲಿನ ಮೇಲೆ ಗೀರು ಎಳೆದಳು. “ಹಂಗಾದ್ರ ನಿಮ್ಮ ಸುಳ್ಳೂ ಬರೀಬೇಕಾಗ್ತದ.”

“ಮೊದ್ಲು ಅದನ್ನ ಬರೀರಿ. ಕನ್ನಡದಾಗ ಬರೀರಿ, ನನಗ ಓದಾಕ ಬರ್ತದ.”

ತಾಯಿ ಮಗನ ವಯಸ್ಸನ್ನು ತಪ್ಪು ಹೇಳಿದ್ದಾಳೆ, ಎಂದು ಸೃಷ್ಟಿ ಬರೆದಳು. ಗುಳಿಗೆಗಳನ್ನು ಪೂರ್ತಿ ಕೊಟ್ಟಿದ್ದಾಳೆ, ಎಂದು ಬರೆದಳು. ಮೂರನೆಯದಕ್ಕೆ ಪೆನ್ನು ನಿಂತಿತು.

“ತೂಗಲಿಲ್ಲ ಅಂತ ಬರದ್ರ ಇದು ಕಮಲಾಪುರಕ್ಕ ಹೋಗ್ತದ. ವಿಚಾರಣಾ ಆಗ್ತದ. ಯಾರು ತೂಗಲಿಲ್ಲ ಅಂತ ಕೇಳ್ತಾರ.”

ಪಂಚಶೀಲಾ ಗೋಡೆ ಬಿಟ್ಟು ಮುಂದೆ ಬಂದಳು. “ನನ್ನ ಹೆಸರು ಬರೀರಿ ಮೇಡಂ. ಪಂಚಶೀಲಾ ತೂಗಲಿಲ್ಲ ಅಂತ ಬರೀರಿ. ಅವತ್ತು ಸಾಹೇಬ್ರ ಮುಂದ ಬಾಯಿ ಬಿಡಲಿಲ್ಲ. ಇವತ್ತರೆ ಬಿಡ್ತೀನಿ.”

ಸೃಷ್ಟಿ ಬರೆಯಲು ಬಗ್ಗಿದಳು.

“ಬ್ಯಾಡ್ರಿ!” ಎಂದಳು ಹಾಜಿರಾ. ಮೈಬೂಬ ಹಣೆ ಹಣೆ ಬಡಿದುಕೊಂಡ. “ಈಕಿ ಹೆಸರು ಬ್ಯಾಡ. ಒಬ್ಬಾಕಿ ಸಿಕ್ಳಂದ್ರ ಉಳದವ್ರೆಲ್ಲ ಕೈ ತೊಳ್ಕೋತಾರ. ಮೊದ್ಲು ನಾನೊಬ್ಬಾಕಿ ಸಿಕ್ಕಿದ್ದೆ, ಈಗ ಈಕಿ. ಸಾಹೇಬ್ರೂ ತೂಗಲಿಲ್ಲ. ನಾ ಒದರೋ ತನಕ ನೀವೂ ತೂಗಲಿಲ್ಲ. ಯಾರೂ ತೂಗಲಿಲ್ಲ ಅಂತ ಬರೀರಿ.”

ಸೃಷ್ಟಿ ತಲೆ ಎತ್ತಿ ಅವಳನ್ನು ನೋಡಿದಳು. ಹಾಜಿರಾ ಕಣ್ಣು ತಿರುಗಿಸಲಿಲ್ಲ. ಕೊನೆಗೆ ಡಾಕ್ಟರಮ್ಮ ತಲೆ ಬಗ್ಗಿಸಿ ಒಂದು ಸಾಲು ಬರೆದಳು, ಕೆಳಗೆ ತನ್ನ ಹೆಸರು ಬರೆದು ಮೊಹರು ಒತ್ತಿದಳು.

“ಎಲ್ಲಾರಿಗೂ ಕೇಳಂಗ ಓದ್ರಿ,” ಎಂದಳು ಹಾಜಿರಾ.

“ಉಪಕೇಂದ್ರದ ಸಹಾಯಕಿಯಾಗಲಿ, ಡಾಕ್ಟರರಾಗಲಿ, ಇಲ್ಲಿ ದಾಖಲು ಮಾಡಿಕೊಂಡ ನಾನಾಗಲಿ, ಔಷಧ ಬರೆಯುವ ಮೊದಲು ಮಗುವನ್ನು ಯಾರೂ ತೂಗಲಿಲ್ಲ.”

“ಹಂಗಾದ್ರ ಪೆನ್ ಕೊಡ್ರಿ,” ಎಂದಳು ಹಾಜಿರಾ.